ಜೀನ್ ಅಂದ್ರೆ ಪ್ಯಾಂಟಲ್ಲ ಕಣೋ!

ಎಲ್ಲರ ಬಟ್ಟೆಯನ್ನೂ ಸರಿಮಾಡಿಕೊಡುವ ಟೈಲರ್ ಅಕ್ಕ ಈ ವರ್ಷ ತನ್ನ ಅಂಗಿಯನ್ನೇ ಮತ್ತೆ ಮತ್ತೆ ಒಳಕ್ಕೆ ಹಿಡಿದು ಹೊಲಿಯಬೇಕಾಯಿತು. ನಲವತ್ತು ದಾಟಿದ ಮೇಲೆ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೂ ಸಕ್ಕರೆ ಇಳಿಯಲಿಲ್ಲ, ಮೈ ಮಾತ್ರ ಇಳಿಯಿತು.

ಬಸ್ ಓಡಿಸುವ ತಮ್ಮ ಬಂದಾಗಲೆಲ್ಲ ಒಂದೇ ರಾಗ.

“ಕದ್ದು ಸಿಹಿ ತಿಂತಿದ್ದೀಯ ಅಕ್ಕ, ನಿಜ ಹೇಳು.”

“ಟೀಗೆ ಸಕ್ಕರೆ ಹಾಕೋದು ಬಿಟ್ಟು ಎಷ್ಟು ಕಾಲ ಆಯ್ತು ಅಂತ ಅಮ್ಮನ್ನ ಕೇಳು.”

“ಅಮ್ಮ ನಿನ್ನ ಪಾರ್ಟಿ. ಅವಳ ಸಾಕ್ಷಿ ನಡೆಯಲ್ಲ.”

ಅವನು ಹೇಳುತ್ತಿದ್ದುದು ತಮಾಷೆಗೆ. ಅಕ್ಕನಿಗೆ ಅದು ಚುಚ್ಚುತ್ತಿತ್ತು. ತಪ್ಪು ತನ್ನದೇ ಇರಬೇಕು ಅಂದುಕೊಂಡು ಊಟವನ್ನೂ ಕಡಿಮೆ ಮಾಡಿದಳು.

ಒಂದು ದಿನ ಪಕ್ಕದ ಮನೆಯ ನರ್ಸ್ ತನ್ನ ಯೂನಿಫಾರ್ಮ್ ತೆಗೆದುಕೊಂಡು ಹೋಗಲು ಅಂಗಡಿಗೆ ಬಂದಳು. ಅಕ್ಕನ ತೋಳು ಹಿಡಿದು ನೋಡಿ ಗಾಬರಿಯಾದಳು.

“ಇದೇನ್ರೀ, ಹ್ಯಾಂಗರ್ ಥರ ಆಗಿದ್ದೀರಿ! ಮನೇಲಿ ಯಾರಿಗಾದ್ರೂ ಥೈರಾಯ್ಡ್ ಇದೆಯಾ?”

“ಅಮ್ಮನಿಗಿದೆ. ಅದಕ್ಕೂ ಇದಕ್ಕೂ ಏನ್ರೀ ನಂಟು?”

“ಕೆಲವು ಸಲ ಇರತ್ತೆ. ನನ್ನ ಜೊತೆ ಬನ್ನಿ, ಡಾಕ್ಟರಿಗೆ ಇದನ್ನೂ ಹೇಳೋಣ.”

ಡಾಕ್ಟರು ಆ್ಯಂಟಿಬಾಡಿ ಪರೀಕ್ಷೆ ಅನ್ನುವ ಬೇರೊಂದು ರಕ್ತಪರೀಕ್ಷೆ ಮಾಡಿಸಿದರು. ಫಲಿತಾಂಶ ಗೊತ್ತಾದ ಕೂಡಲೇ ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ಖುಷಿಗೆ ಮಾತು ಒಂದರ ಮೇಲೊಂದು ಬೀಳುತ್ತಿತ್ತು.

“ಕೇಳೋ, ತಪ್ಪು ನನ್ನದಲ್ಲವಂತೆ! ರೋಗದಿಂದ ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಹಾಳು ಮಾಡ್ತಿದೆಯಂತೆ. ಅಮ್ಮನ ಥೈರಾಯ್ಡೂ ಹೀಗೇ ಬಂದಿರಬಹುದಂತೆ. ಹೆಚ್ಚಾಗಿ ಮಕ್ಕಳಿಗೆ ಬರೋ ಥರದ್ದು, ದೊಡ್ಡವರಲ್ಲಿ ನಿಧಾನವಾಗಿ ಬರತ್ತಂತೆ. ಇನ್ಸುಲಿನ್ ಶುರು ಮಾಡಿದ್ದಾರೆ. ಇನ್ನೊಂದು ವಿಷಯ! ದೊಡ್ಡಾಸ್ಪತ್ರೇಲಿ ಇದರ ಮೇಲೆ ಸಂಶೋಧನೆ ನಡೀತಿದೆ. ನಮ್ಮ ಮನೆಯವರ ಜೀನ್ಸ್ ನೋಡಬೇಕಂತೆ. ಭಾನುವಾರ ಬಾ!”

ಭಾನುವಾರ ತಮ್ಮ ಬಂದ. ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ನೀಲಿ ಪ್ಯಾಂಟ್.

“ನನ್ನ ಹತ್ರ ಇರೋದು ಇದೊಂದೇ. ಜಿಪ್ ಹೋಗಿದೆ, ನಡೆಯತ್ತಾ?”

ಅಂಗಡಿಯಲ್ಲಿ ಕಾಯುತ್ತಿದ್ದ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಅಮ್ಮ ನಕ್ಕು ನಕ್ಕು ಕೆಮ್ಮಿದಳು.

“ಟೈಲರ್ ಅಂಗಡಿಯಿಂದ ಫೋನ್ ಬಂದ್ರೆ ಜೀನ್ಸ್ ಅಂದ್ರೆ ಇನ್ನೇನು ಅಂದ್ಕೊಳ್ಳಲಿ?” ತಮ್ಮನೂ ನಕ್ಕ.

“ಜೀನ್ ಅಂದ್ರೆ ವಂಶವಾಹಿ,” ಎಂದಳು ನರ್ಸ್. “ಅಪ್ಪ ಅಮ್ಮನಿಂದ ಮಕ್ಕಳಿಗೆ ಬರೋದು. ಒಂಚೂರು ರಕ್ತ ಕೊಟ್ರೆ ಅದರಲ್ಲೇ ನೋಡ್ತಾರೆ.”

ತಮ್ಮನ ನಗು ನಿಂತಿತು. “ರಕ್ತಾನಾ? ನಾನು ಕೊಡಲ್ಲ.”

“ಸೂಜಿ ಅಂದ್ರೆ ಹೆದರಿಕೆನಾ?” ಅಕ್ಕ ಛೇಡಿಸಿದಳು.

“ಸೂಜಿಗಲ್ಲ. ಇವನಿಗೂ ಕಾಯಿಲೆ ಬರತ್ತೆ ಅಂತ ಬರೆದುಬಿಟ್ರೆ? ಆಮೇಲೆ ನನ್ನ ಕೈಗೆ ಯಾರು ಬಸ್ ಕೊಡ್ತಾರೆ?”

ನರ್ಸ್ ಸ್ಟೂಲ್ ಎಳೆದುಕೊಂಡು ಕುಳಿತಳು.

“ನಿಮ್ಮ ಭಯ ನನಗೆ ಅರ್ಥ ಆಗತ್ತೆ. ಆದ್ರೆ ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರತ್ತೆ ಅಂತಲ್ಲ. ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೇ. ಸಂಶೋಧನೆ ಮಾಡೋರು ರಕ್ತದ ಬಾಟಲಿ ಮೇಲೆ ಹೆಸರು ಹಾಕಲ್ಲ, ಗುರುತಿನ ಸಂಖ್ಯೆ ಹಾಕ್ತಾರೆ. ನಿಮ್ಮ ಡಿಪೋಗೆ ಹೇಳಲ್ಲ. ಅವರು ಕೊಟ್ಟ ಒಪ್ಪಿಗೆ ಪತ್ರ ನನ್ನ ಹತ್ರ ಇದೆ, ಓದಿ. ಮನಸ್ಸಿಲ್ಲದಿದ್ರೆ ಬೇಡ ಅನ್ನಿ. ಅದಕ್ಕೆಲ್ಲ ಅಕ್ಕನ ಚಿಕಿತ್ಸೆ ನಿಲ್ಲಲ್ಲ.”

“ಕಾಯಿಲೆ ಇರೋದು ಅಕ್ಕನಿಗೆ. ಅವಳ ರಕ್ತ ಸಾಲದಾ?”

ಇದಕ್ಕೆ ಅಕ್ಕನೇ ಉತ್ತರ ಕೊಟ್ಟಳು. “ಒಂದೇ ಥಾನಿನ ಬಟ್ಟೇಲಿ ಎರಡು ಅಂಗಿ ಹೊಲಿದೆ ಅಂತಿಟ್ಕೋ. ಒಂದು ಬಣ್ಣ ಬಿಡ್ತು, ಇನ್ನೊಂದು ಬಿಡಲಿಲ್ಲ. ಬಿಟ್ಟಿದ್ದನ್ನ ಮಾತ್ರ ಹಿಡ್ಕೊಂಡು ಕೂತ್ರೆ ಕಾರಣ ಸಿಗತ್ತಾ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಲ್ವಾ?”

“ಅದೇ, ಅದೇ!” ನರ್ಸ್ ಚಪ್ಪಾಳೆ ತಟ್ಟಿದಳು. “ಅಕ್ಕನಿಗೆ ಬಂದ ಕಾಯಿಲೆಯ ಹಲವು ಜೀನ್‌ಗಳು ಮಕ್ಕಳ ಸಕ್ಕರೆ ಕಾಯಿಲೇಲೂ ಕಾಣಿಸ್ತವೆ. ಕೆಲವು ಜೀನ್‌ಗಳು ದೊಡ್ಡವರ ಮಾಮೂಲಿ ಸಕ್ಕರೆ ಕಾಯಿಲೇಲೂ ಕಾಣಿಸಿವೆ. ಒಗಟು ಇನ್ನೂ ಪೂರ್ತಿ ಬಿಡಿಸಿಲ್ಲ. ಬಿಡಿಸಿದ್ರೆ ಯಾರಿಗೆ ಯಾವ ಔಷಧಿ ಅಂತ ಶುರುವಿನಲ್ಲೇ ಗೊತ್ತಾಗಬಹುದು. ಯೋಚನೆ ಮಾಡಿ!”

ಅಕ್ಕ ಮೆಲ್ಲಗೆ ಹೇಳಿದಳು, “ಇನ್ಯಾವ ತಮ್ಮನೂ ತನ್ನ ಅಕ್ಕನ್ನ ಕಳ್ಳಿ ಅನ್ನೋ ಹಾಗಾಗಬಾರದು ಕಣೋ.”

ತಮ್ಮ ಕೈಯಲ್ಲಿದ್ದ ಪ್ಯಾಂಟನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟ. “ಆ ಪತ್ರ ಕೊಡಿ ಸಿಸ್ಟರ್,” ಎಂದ. ಪೂರ್ತಿ ಓದಿದ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದ. ಆಮೇಲೆ ಅಕ್ಕನ ಕಡೆ ತಿರುಗಿದ.

“ನಿನ್ನನ್ನ ಸುಮ್ಮಸುಮ್ಮನೆ ಬೈದೆ. ನಡಿ, ಹೋಗೋಣ.”

ಆಸ್ಪತ್ರೆಯಲ್ಲಿ ಅಂಗಿಯ ತೋಳು ಮಡಚಿ ಕುಳಿತವನು ಬಾಯಿ ಮುಚ್ಚಲಿಲ್ಲ. “ಒಂಚೂರು ಅಂದ್ರಲ್ಲ ಸಿಸ್ಟರ್? ಟ್ಯಾಂಕೇ ಖಾಲಿ ಮಾಡ್ತಿದ್ದಾರೆ!” ಸಾಲಿನಲ್ಲಿದ್ದವರೆಲ್ಲ ನಕ್ಕರು.

ಓದುವವರೇ, ನಿಮ್ಮ ಮನೆಯಲ್ಲೂ ದೊಡ್ಡ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದವರು ಇರಬಹುದು. ಮಾತ್ರೆ ತೆಗೆದುಕೊಂಡರೂ ಸಕ್ಕರೆ ಇಳಿಯದೆ ಸೊರಗುತ್ತಿದ್ದರೆ ಅವರನ್ನು ದೂರಬೇಡಿ. ಔಷಧಿಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. “ಆ್ಯಂಟಿಬಾಡಿ ಪರೀಕ್ಷೆ ಬೇಕಾ?” ಎಂದು ಡಾಕ್ಟರನ್ನು ಕೇಳಿ. ಎಲ್ಲರಿಗೂ ಬೇಕಾಗುವುದಿಲ್ಲ, ಕೇಳುವುದರಲ್ಲಿ ನಷ್ಟವಿಲ್ಲ. ಸಂಶೋಧನೆಗೆ ಕರೆ ಬಂದರೆ ಪತ್ರ ಓದಿ, ಅನುಮಾನ ಇದ್ದರೆ ಕೇಳಿ, ಒಪ್ಪಿಗೆಯಾದರೆ ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲ ಹೊರಡಿ. ನನಗೇನೂ ಆಗಿಲ್ಲವಲ್ಲ ಎಂದು ಮನೆಯಲ್ಲಿ ಉಳಿಯಬೇಡಿ. ಏನೂ ಆಗದ ನಿಮ್ಮ ರಕ್ತವೂ ಅಲ್ಲಿ ಬೇಕಾಗಿದೆ!