ಗುಮಾಸ್ತನ ಮಾತು ಮುಗಿಯಲಿ

‘ಮೂರನೇ ಕೌಂಟರ್’ ಬಗ್ಗೆ ಟೈಲರಕ್ಕನ ಎದುರು ಹಗುರವಾಗಿ ಮಾತಾಡಿದವರು ಉದ್ಧಾರವಾದದ್ದಿಲ್ಲ. ಅಂಥವರ ಬಟ್ಟೆ ಹೊಲಿದು ಕೈಗೆ ಬರುವಷ್ಟರಲ್ಲಿ ಅವರ ಮೈ ಅಳತೆಯೇ ಬದಲಾಗಿರುತ್ತಿತ್ತು. ನಿಂತುಹೋಗಿ ಎಷ್ಟೋ ವರ್ಷವಾದ ಆ ಟೀವಿ ಧಾರಾವಾಹಿಗೆ ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭಿಮಾನಿಗಳ ಒಂದು ಬಳಗವೇ ಇತ್ತು. ಭಾನುವಾರ ಸಂಜೆ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ, ಚಿಂದಿ ಗುಡಿಸಿ, ಹಳೆಯ ಕಂತುಗಳನ್ನು ಹಾಕಿಕೊಂಡು ನೋಡುವುದು, ಆಮೇಲೆ ಗಂಟಲು ಹರಿಯುವ ಹಾಗೆ ವಾದ ಮಾಡುವುದು.

ಧಾರಾವಾಹಿಯ ಜೀವವೇ ಒಬ್ಬ ತೊದಲು ಗುಮಾಸ್ತ. “ಸಾಹೇಬ್ರೇ, ನಿಮ್ಮ ಮೇ... ಮೇಜಿನ ಕೆಳಗೆ” ಎಂದು ಅವನು ತಡವರಿಸುತ್ತಿದ್ದಂತೆ ಸಾಹೇಬರು ಬೆವರಿ, “ಗೊತ್ತಾಯ್ತು ಬಿಡಯ್ಯ, ಆ ಕವರ್ ನಂದಲ್ಲ” ಎಂದು ಲಂಚದ ವಿಷಯ ತಾವೇ ಬಾಯಿಬಿಟ್ಟು ಸಿಕ್ಕಿಬೀಳುತ್ತಿದ್ದರು. ಪಾಪ, ಅವನು ಹೇಳಹೊರಟಿದ್ದು ಮೇಜಿನ ಕೆಳಗೆ ಬೆಕ್ಕು ಮರಿ ಹಾಕಿದೆ ಎಂದಷ್ಟೇ. ಗುಮಾಸ್ತ ತೊದಲಿದಾಗಲೆಲ್ಲ ಕೋಣೆಯಲ್ಲಿದ್ದವರೆಲ್ಲ ಸಾಹೇಬರ ಜೊತೆ ಒಂದೇ ದನಿಯಲ್ಲಿ “ಗೊತ್ತಾಯ್ತು ಬಿಡಯ್ಯ” ಎನ್ನಬೇಕು. ಅದು ಬಳಗದ ಪದ್ಧತಿ. ಮರೆತವರು ಎಲ್ಲರಿಗೂ ಚಹಾ ತರಬೇಕು.

ಈಗ ಆ ಧಾರಾವಾಹಿ ಮತ್ತೆ ಶುರುವಾಗುವುದರಲ್ಲಿತ್ತು. ಹೊಸ ಕಂತುಗಳನ್ನು ಬರೆಯುವ ಹೆಂಗಸು ತಾನಾಗಿಯೇ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಗುಮಾಸ್ತನನ್ನು ಉಳಿಸಿಕೊಳ್ಳಬೇಕೋ ಕೈಬಿಡಬೇಕೋ, ಅಭಿಮಾನಿಗಳ ಬಾಯಿಂದಲೇ ಕೇಳಬೇಕು ಎಂದಳು. ಟೈಲರಕ್ಕ ತನ್ನ ಕುರ್ಚಿಯನ್ನು ಸ್ಟೂಲಿನ ಹತ್ತಿರಕ್ಕೆ ಎಳೆದುಕೊಂಡಳು. ಗುಮಾಸ್ತನೇ ಇಲ್ಲದಿದ್ದರೆ ಆ ಕೌಂಟರ್ ಯಾರಿಗೆ ಬೇಕಾಗಿತ್ತು?

“ತೊದಲೋದನ್ನ ತೋರಿಸಿ ನಗಿಸೋದು ಅವಮಾನ,” ಎಂದಳು ಬಳಗದಲ್ಲಿದ್ದ ಗಣಿತದ ಟೀಚರ್.

“ಸರಿಯಾಗಿ ನೋಡಿದ್ದೀರೇನ್ರೀ? ನಗು ಇರೋದು ಸಾಹೇಬ್ರ ಮೇಲೆ. ಅದು ವಿಡಂಬನೆ.”

“ಬರೆದೋರು ಸಾಹೇಬ್ರ ಮೇಲೇ ಬರೆದಿರಬಹುದು ಅಕ್ಕ. ನೋಡಿದೋರು ನಕ್ಕಿದ್ದು ಯಾರನ್ನ ನೋಡಿ?”

ಟೈಲರಕ್ಕ ಸುಲಭಕ್ಕೆ ಸೋಲುವ ಪೈಕಿಯಲ್ಲ. ಬಾಗಿಲ ಬಳಿ ಕೂತಿದ್ದ ತಮ್ಮನತ್ತ ಕೈ ತೋರಿಸಿದಳು. ಅವನು ಬೀಗ ರಿಪೇರಿಯವನು, ಮಾತು ಕಲಿತಾಗಿನಿಂದಲೂ ತೊದಲು. “ಇಗೋ, ನನ್ನ ತಮ್ಮನೇ ಇದ್ದಾನೆ. ವಾರ ತಪ್ಪಿಸದೆ ಬಂದು ನೋಡ್ತಾನೆ. ಅವನಿಗಿಲ್ಲದ ಬೇಜಾರು ನಿಮಗ್ಯಾಕೆ?”

“ಅವರನ್ನ ಕೇಳಿದ್ದೀರಾ?”

“ಕೇಳೋದೇನಿದೆ? ಅವನ ಮನಸ್ಸು ನನಗೆ ಗೊತ್ತಿಲ್ವಾ?”

ತಮ್ಮ ಎದ್ದು ನಿಂತ. “ನಾನು ಹೇ... ಹೇ...”

“ಗೊತ್ತಾಯ್ತು ಬಿಡಯ್ಯ.”

ಇಡೀ ಕೋಣೆಯೇ ಅಂದುಬಿಟ್ಟಿತ್ತು. ಯಾರೂ ಬೇಕೆಂದು ಅಂದದ್ದಲ್ಲ, ನಾಲಿಗೆಗೆ ಅಷ್ಟು ರೂಢಿಯಾಗಿಹೋಗಿತ್ತು. ಟೀಚರ್ ಕೂಡ ಅಂದು ಬಾಯಿ ಮುಚ್ಚಿಕೊಂಡಳು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಟೈಲರಕ್ಕನ ದನಿ. ನಾಚಿಕೆಯಿಂದ ಅವಳಿಗೆ ಭೂಮಿಯೊಳಗೆ ಇಳಿದುಹೋಗುವ ಹಾಗಾಯಿತು.

ತಮ್ಮ ಮಾತ್ರ ಕದಲಲಿಲ್ಲ. ಗದ್ದಲ ಪೂರ್ತಿ ಅಡಗುವವರೆಗೆ ಕಾದು ಮೊದಲಿಂದ ಶುರು ಮಾಡಿದ.

“ನಾನು ಹೇ... ಹೇಳೋದು ಕೇಳಿ. ಗುಮಾಸ್ತ ನನಗೆ ಇಷ್ಟ. ನಗು ಸಾಹೇಬ್ರ ಮೇಲೇ ಇದೆ, ಅಕ್ಕ ಹೇಳಿದ್ದು ಸ... ಸರಿ. ಆದ್ರೆ ಅಷ್ಟು ವರ್ಷದಲ್ಲಿ ಆ ಮನುಷ್ಯನಿಗೆ ಒಂದು ಮಾ... ಮಾತು ಮುಗಿಸೋಕೆ ಯಾರೂ ಬಿಡಲಿಲ್ಲ. ಬೆಕ್ಕಿನ ವಿಷಯ ಕೂಡ ಕೊನೆಗೆ ಜವಾನನೇ ಹೇಳಿದ್ದು. ಅವನನ್ನ ತೆಗೀಬೇಡಿ. ಮುಗಿಸೋಕೆ ಬಿಡಿ, ಜನ ಕಾ... ಕಾಯ್ತಾರೆ. ಈಗ ನೀವು ಕಾಯ್ತಿಲ್ವಾ?”

ಬರೆಯುವ ಹೆಂಗಸು ಸ್ಟೂಲಿನಿಂದ ಮುಂದಕ್ಕೆ ಬಾಗಿದಳು.

“ಇನ್ನೊಂದು. ಆ ಪಾತ್ರ ಮಾಡೋನು ತೊದಲೋನೇ ಆಗಿರಬೇಕು. ನಾ... ನಾನು ಮಾಡ್ತೀನಿ.”

ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಇಂಥದೊಂದು ಆಸೆ ತಮ್ಮನಿಗಿದೆ ಎಂಬುದು ಮನಸ್ಸು ಬಲ್ಲ ಅಕ್ಕನ ಕನಸಿನಲ್ಲೂ ಬಂದಿರಲಿಲ್ಲ.

“ಪಾತ್ರ ಕೊಡ್ತೀವಿ ಅಂತ ಈಗಲೇ ಹೇಳೋಕಾಗಲ್ಲ. ನೋಡಿ ಆರಿಸ್ತಾರೆ, ಬೇರೆಯವರೂ ಬಂದಿರ್ತಾರೆ,” ಎಂದಳು ಬರೆಯುವ ಹೆಂಗಸು.

“ಬ... ಬರಲಿ. ನನ್ನಷ್ಟು ಚೆನ್ನಾಗಿ ತೊದಲೋನು ಸಿಗಲ್ಲ.”

ಈಗ ನಗು ಬಂತು. ಅವಳು ನಗುತ್ತಲೇ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಅವನ ಮುಂದೆ ಹಿಡಿದಳು. “ಸರಿ ಹಾಗಾದ್ರೆ. ನಿಮ್ಮ ಹೆಸರು ಹೇಳಿ.”

ತೊದಲುವವರಿಗೆ ಎಲ್ಲಕ್ಕಿಂತ ಕಷ್ಟದ ಮಾತೆಂದರೆ ಸ್ವಂತ ಹೆಸರೇ. ಬೇರೆ ಮಾತಾದರೆ ಸುತ್ತುಬಳಸಿ ಹೇಳಬಹುದು, ಹೆಸರಿಗೆ ಬದಲಿ ಎಲ್ಲಿಂದ ತರುವುದು? ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಅವನ ಹೆಸರು ಹೇಳಿದ್ದೆಲ್ಲ ಅಕ್ಕ. ಅವನು ಮೆಚ್ಚಿದ ಹುಡುಗಿಗೂ ಅವನ ಹೆಸರು ಹೇಳಿದ್ದು ಅಕ್ಕನೇ. ಆ ಹುಡುಗಿ ಆಮೇಲೆ ಅಕ್ಕನ ಜೊತೆಗೇ ಮಾತಾಡಿ ಹೊರಟುಹೋಗಿದ್ದಳು.

ಮೊದಲ ಅಕ್ಷರಕ್ಕೇ ಅವನ ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡ. ಟೈಲರಕ್ಕನ ನಾಲಿಗೆಯ ತುದಿಗೆ ಹೆಸರು ಬಂದು ನಿಂತಿತ್ತು. ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಕೈ ತೆಗೆಯಲಿಲ್ಲ.

ಕೊನೆಗೂ ಹೆಸರು ಬಂತು, ಅಪ್ಪನ ಹೆಸರಿನ ಸಮೇತ. ಅದನ್ನು ಅವನ ಬಾಯಲ್ಲಿ ಪೂರ್ತಿಯಾಗಿ ಅಕ್ಕ ಕೇಳಿದ್ದು ಅದೇ ಮೊದಲು.