ಮೇಲಿನ ಮನೆಯ ಬಚ್ಚಲು

"ಬೀಗದಕೈ ತಗೊಳ್ಳಿ ಅಕ್ಕಾ," ಎಂದು ನರ್ಸ್ ಕೈ ಚಾಚಿದಳು. ಬಡಗಿಯ ಹೆಂಡತಿ ತಕ್ಷಣ ತೆಗೆದುಕೊಳ್ಳಲಿಲ್ಲ. ಗೇಟಿನ ಹೊರಗೆ ಸಾಮಾನು ತುಂಬಿದ ಗಾಡಿ ಹೊರಡಲು ಸಿದ್ಧವಾಗಿತ್ತು. ಅದರ ಮುಂದಿನ ಸೀಟಿನಲ್ಲಿ ನರ್ಸಿನ ತಾಯಿ ಪಟ್ಟಿ ಸುತ್ತಿದ ಮುಂಗೈಯನ್ನು ಎದೆಗವಚಿಕೊಂಡು ಕೂತಿದ್ದಳು.

ಒಂದೂವರೆ ವರ್ಷದಲ್ಲಿ ಮೇಲಿನ ಮನೆ ಬಿಟ್ಟು ಹೋಗುತ್ತಿರುವ ಮೂರನೆಯ ಸಂಸಾರ ಇದು. ಮೊದಲು ಬಂದಿದ್ದ ಬ್ಯಾಂಕಿನವನು ವರ್ಗವಾಯಿತು ಎಂದು ಹೇಳಿ ಹೋದ. ಎರಡು ತಿಂಗಳ ಮೇಲೆ ಹಿಂದಿನ ಬೀದಿಯಲ್ಲೇ ತರಕಾರಿ ಆರಿಸುತ್ತ ಸಿಕ್ಕಿ, ಬಡಗಿಯ ಹೆಂಡತಿಯನ್ನು ಕಂಡದ್ದೇ ಸೌತೆಕಾಯಿ ಅಲ್ಲೇ ಬಿಟ್ಟು ಮಾಯವಾದ. ಆಮೇಲೆ ಬಂದ ಮೇಷ್ಟರು ಮತ್ತು ಅವರ ಹೆಂಡತಿಗೆ ಮಹಡಿ ಹತ್ತುವುದು ಕಷ್ಟವಾಯಿತಂತೆ. ಇಲ್ಲಿಂದ ಹೋಗಿ ಮನೆ ಹಿಡಿದದ್ದು ಮೂರನೆಯ ಮಹಡಿಯಲ್ಲಿ. ಈಗ ಈ ಹುಡುಗಿ ಆಸ್ಪತ್ರೆ ದೂರ ಎನ್ನುತ್ತಿದ್ದಾಳೆ. ನಡೆದರೆ ಹತ್ತು ನಿಮಿಷ.

"ನನ್ನ ಮೇಲಾಣೆ, ನಿಜ ಹೇಳಿಬಿಡಮ್ಮ. ನಮ್ಮಿಂದ ಏನು ತಪ್ಪಾಯ್ತು?"

ನರ್ಸ್ ವರಾಂಡದ ಕಡೆ ನೋಡಿದಳು. ಅಲ್ಲಿ ಕುರ್ಚಿಯಲ್ಲಿ ಬಡಗಿ ಕೂತಿದ್ದ. ಬಲಗೈ ಎತ್ತಿ "ಹೋಗಿಬನ್ನಿ, ನಿಮ್ಮದೇ ಮನೆ" ಎನ್ನುವಂತೆ ಆಡಿಸಿದ. ಅವಳೂ ಕೈ ಆಡಿಸಿ, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು.

"ಬಚ್ಚಲಲ್ಲಿ ನೀರು ಹೋಗಲ್ಲ ಅಕ್ಕಾ. ಸ್ನಾನ ಆದ್ಮೇಲೆ ಪ್ರತಿಸಲ ಪೊರಕೆ ಹಿಡಿದು ತಳ್ಳಬೇಕು. ಎಷ್ಟು ತಳ್ಳಿದ್ರೂ ನಿಂತಿರುತ್ತೆ. ಅಮ್ಮ ರಸ್ತೇಲಿ ಬಿದ್ದಿದ್ದಲ್ಲ. ಅಲ್ಲೇ ಜಾರಿದ್ದು."

"ಅಯ್ಯೋ, ಮೊದಲೇ ಹೇಳೋದಲ್ವಾ?"

"ಹೆಂಗೆ ಹೇಳ್ಲಿ? ಮನೆ ತೋರಿಸಿದ ದಿನ ಅವರು ಆ ನೆಲ ಒಂದೇ ಕೈಯಲ್ಲಿ ಹಾಕಿದ ಕಥೆ ಪೂರ್ತಿ ಹೇಳಿದ್ರು. ನಮ್ಮಮ್ಮನೇ ಅಂದಿದ್ದು, ಬಾಯಿ ಬಿಡಬೇಡ ಅಂತ."

ಗಾಡಿ ಹೋಯಿತು. ಬಡಗಿಯ ಹೆಂಡತಿ ಸೀದಾ ಮೇಲೆ ಹೋಗಿ ಬಕೆಟ್ ತುಂಬ ನೀರು ಹಿಡಿದು ಬಚ್ಚಲಿಗೆ ಸುರಿದಳು. ನೀರು ನಾಲ್ಕೂ ಗೋಡೆಯವರೆಗೆ ಹರಡಿತು, ಹರಡಿ ನಿಂತುಬಿಟ್ಟಿತು. ಮೂಲೆಯ ಜಾಲರಿಯ ಕಡೆ ಒಂದು ಹನಿಯೂ ಹೊರಳಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ಕಾದೇ ಕಾದಳು.

ಬಡಗಿಯ ಎಡಭಾಗಕ್ಕೆ ಲಕ್ವ ಹೊಡೆದ ವರ್ಷ ಅಂಗಡಿ ಮಾರಿ ಮೇಲೆ ಎರಡು ಕೋಣೆ ಎಬ್ಬಿಸಿದ್ದರು. ಇನ್ನು ಮುಂದೆ ಅದರ ಬಾಡಿಗೆಯಲ್ಲೇ ಇಬ್ಬರ ಜೀವನ ಎಂಬ ಲೆಕ್ಕ. ಗೋಡೆ, ತಾರಸಿ ಎಲ್ಲ ಕೆಲಸದವರದು. "ಬಚ್ಚಲಿನ ನೆಲ ಮಾತ್ರ ಯಾರೂ ಮುಟ್ಟಬೇಡಿ, ಅದು ನಂದು" ಎಂದು ಅವನು ಹಟ ಹಿಡಿದ. ಡಾಕ್ಟರು ಕೈಗೆ ಕೆಲಸ ಕೊಡಿ ಎಂದಿದ್ದರಲ್ಲ, ಅವಳೂ ಒಪ್ಪಿದಳು. ಎರಡು ತಿಂಗಳು ಅವನು ನೆಲದ ಮೇಲೆ ಕಾಲು ಚಾಚಿ ಕೂತು, ಬಲಗೈಯೊಂದರಿಂದಲೇ ಒಂದೊಂದು ಟೈಲ್ಸ್ ಕೂರಿಸಿದ. ಸಿಮೆಂಟು ಕಲೆಸಿದವಳು ಇವಳು, ಸಮ ನೋಡುವ ರಸಮಟ್ಟದ ಇನ್ನೊಂದು ತುದಿ ಹಿಡಿದವಳೂ ಇವಳೇ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಾಗಲೆಲ್ಲ ಅವನು "ಏ ನೋಡೇ, ಕೂದಲೆಳೆಯಷ್ಟು ಆಚೀಚೆ ಇಲ್ಲ" ಎನ್ನುತ್ತಿದ್ದ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಆ ಎರಡು ತಿಂಗಳೇ. ನಲವತ್ತು ವರ್ಷ ಮೇಜು, ಬೀರು, ಬಾಗಿಲು ಮಾಡಿದ ಮನುಷ್ಯ. ವಾರೆ ಇರುವುದೆಲ್ಲ ತಪ್ಪು ಎಂದೇ ಬದುಕಿದವನು, ನೀರು ಹರಿಯಲು ನೆಲ ವಾರೆಯಾಗಬೇಕೆಂಬುದನ್ನು ಮರೆತಿದ್ದ. ಪಕ್ಕದಲ್ಲೇ ಕೂತಿದ್ದ ಅವಳಿಗಾದರೂ ಹೊಳೆಯಬೇಡವೇ? ದಿನಾ ಬಚ್ಚಲು ತೊಳೆಯುವವಳು ಅವಳಲ್ಲವೇ?

ಬೀದಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದಳು. ನಾಲ್ಕು ಮನೆ ಬಾಡಿಗೆಗೆ ಬಿಟ್ಟಿದ್ದರಿಂದ ಎಲ್ಲರ ಬಾಯಲ್ಲೂ ನಾಲ್ಕ್ಮನೆ ಅಕ್ಕ. ಬಾಡಿಗೆ ವಿಷಯದಲ್ಲಿ ಅವಳ ಮಾತೆಂದರೆ ಕೋರ್ಟಿನ ತೀರ್ಪು. ಕಥೆ ಕೇಳಿ ಅವಳು ಹಣೆ ಚಚ್ಚಿಕೊಂಡಳು.

"ಬಾಡಿಗೆಗೆ ಕೊಡೋ ಮುಂಚೆ ಒಂದು ವಾರ ಆ ಮನೇಲಿ ನೀವೇ ಇರಬೇಕು ಕಣೇ. ಅಡುಗೆ ಮಾಡ್ಬೇಕು, ಸ್ನಾನ ಮಾಡ್ಬೇಕು, ಬಟ್ಟೆ ಒಗೀಬೇಕು. ಹೋಗ್ಲಿ, ಒಂದು ಬಕೆಟ್ ನೀರಾದ್ರೂ ಹುಯ್ದು ನೋಡಿದ್ರಾ?"

"ಹೊಳಪು ಹೋಗುತ್ತೆ, ಬಾಡಿಗೆಯವರು ಬರೋವರೆಗೂ ಯಾರೂ ನೀರು ಮುಟ್ಟಿಸಬೇಡಿ ಅಂದ್ರು ಇವರು, ಅಕ್ಕ."

"ಒಳ್ಳೆ ಮದುಮಗಳನ್ನ ಕಾದ ಹಾಗೆ ಕಾದಿದ್ದೀರಿ! ಕೇಳು, ಬಾಡಿಗೆಯವರು ಜಗಳ ಆಡಿದ್ರೆ ಒಳ್ಳೇದು. ಸುಮ್ನೆ ಇದ್ದು ಖಾಲಿ ಮಾಡ್ತಾರಲ್ಲ, ಅಲ್ಲಿ ಮನೆಯೊಳಗೆ ಏನೋ ಕೆಟ್ಟಿದೆ ಅಂತ ಅರ್ಥ. ನೆಲ ಒಡೆಸು. ಇನ್ನೊಬ್ಬರ ತಾಯಿ ಸೊಂಟ ಮುರಿಯೋವರೆಗೂ ಕಾಯ್ತೀಯಾ?"

"ಅವರಿಗೆ ಹೆಂಗೆ ಹೇಳ್ಲಿ?"

ಅಕ್ಕ ಒಂದು ಚೀಟಿಯಲ್ಲಿ ಗಾರೆ ಮೇಸ್ತ್ರಿಯ ನಂಬರ್ ಬರೆದುಕೊಟ್ಟಳು.

ಹನ್ನೊಂದು ದಿನ ಅವಳು ಗಂಡನಿಗೆ ಹೇಳಬೇಕೆಂದು ಬಾಯಿ ತೆರೆದು, ಊಟದ ಮಾತಾಡಿ ಮುಚ್ಚಿದಳು. ಹನ್ನೆರಡನೆಯ ದಿನ ಬುಧವಾರ. ಕೈಕಾಲಿನ ವ್ಯಾಯಾಮಕ್ಕೆ ಬಡಗಿ ಆಟೋದಲ್ಲಿ ಆಸ್ಪತ್ರೆಗೆ ಹೋದರೆ ಮಧ್ಯಾಹ್ನದ ಊಟಕ್ಕೇ ವಾಪಸು. ಅವನು ಅತ್ತ ಹೋದದ್ದೇ ತಡ, ಅವಳು ಗಾರೆ ಮೇಸ್ತ್ರಿಯನ್ನು ಮೇಲೆ ಕರೆದುಕೊಂಡು ಹೋದಳು. ಅವನು ಬಂದ ಮೇಲೆ ಏನು ಹೇಳುವುದೆಂದು ಯೋಚಿಸಿರಲಿಲ್ಲ. ಪೈಪು ಒಡೆದಿತ್ತು ಎಂದರೆ ನಂಬಿಯಾನು ಎಂದುಕೊಂಡಿದ್ದಳು.

ಮೊದಲ ಟೈಲ್ಸ್ ಏಳಲೇ ಇಲ್ಲ. ಮೇಸ್ತ್ರಿ ಬೆವರಿಳಿಸಿ ಉಳಿಯಿಟ್ಟು ಬಡಿದ. ಚೂರು ಚೂರಾಗಿ ಎದ್ದಿತೇ ಹೊರತು ಇಡಿಯಾಗಿ ಬರಲಿಲ್ಲ.

"ಯಾವ ಪುಣ್ಯಾತ್ಮ ಹಾಕಿದ್ದಮ್ಮ ಇದನ್ನ?" ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ನಕ್ಕ. "ಕೈ ಚಿನ್ನದಂಥದ್ದು, ತಲೆ ಮಾತ್ರ ಖಾಲಿ. ಬಚ್ಚಲಿಗೆ ಇಳಿಜಾರು ಬೇಕು ಅಂತ ಗೊತ್ತಿಲ್ದೋನು ಯಾಕಾದ್ರೂ ಕೈ ಹಾಕ್ತಾನೋ!"

"ನಾನೇ ಹಾಕಿದ್ದು."

ಬಾಗಿಲಲ್ಲಿ ಬಡಗಿ ನಿಂತಿದ್ದ. ವ್ಯಾಯಾಮ ಮಾಡಿಸುವವನು ಆ ದಿನ ರಜೆ ಹಾಕಿದ್ದನಂತೆ. ಸುತ್ತಿಗೆಯ ಸದ್ದು ಕೇಳಿ, ಕಂಬಿ ಹಿಡಿದು ಒಬ್ಬನೇ ಮೆಟ್ಟಿಲು ಹತ್ತಿ ಬಂದಿದ್ದ. ಉಸಿರು ಮೇಲೆ ಕೆಳಗಾಗುತ್ತಿತ್ತು.

ಮೇಸ್ತ್ರಿ ತಡಬಡಿಸಿ ಎದ್ದ. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ಏನೋ ಬಾಯಿಗೆ ಬಂತು..."

"ಇಲ್ಲ, ಸರಿಯಾಗೇ ಹೇಳಿದೆ. ಎಷ್ಟು ಕೊಡಬೇಕಿತ್ತು ಇಳಿಜಾರು?"

"ಗೋಡೆಯಿಂದ ಜಾಲರಿಗೆ ಒಂದು ಒಂದೂವರೆ ಇಂಚು ಇಳಿದ್ರೆ ಸಾಕಿತ್ತು."

"ಒಂದೂವರೆ ಇಂಚು," ಎಂದು ಬಡಗಿ ತನಗೇ ಹೇಳಿಕೊಂಡ. ಹೊರಗೆ ಬಂದು ಮೇಲಿನ ಮೆಟ್ಟಿಲ ಮೇಲೆ ಕೂತ. ಹೆಂಡತಿ ಹಿಂದೆಯೇ ಬಂದು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು.

"ಮೂರು ಸಂಸಾರ ಬಿಟ್ಟು ಹೋಗಿದ್ದು ಇದಕ್ಕೇನಾ?"

"ಹೂಂ."

"ಆ ನರ್ಸಿನ ತಾಯಿ?"

ಅವಳು ತಲೆ ತಗ್ಗಿಸಿದಳು. ಒಳಗೆ ಮೇಸ್ತ್ರಿಗೆ ಸುತ್ತಿಗೆ ಎತ್ತಲು ಧೈರ್ಯ ಬಂದಿರಲಿಲ್ಲ.

"ಅಂಗಡೀಲಿ ಇದ್ದಾಗ ಒಂದು ಡ್ರಾಯರ್ ಬಿಗಿಯಾದ್ರೂ ಜನ ಬಂದು ಬೈದು ಹೋಗೋರು. ನೆನಪಿದ್ಯಾ? ಆ ಜವಳಿ ಅಂಗಡಿಯವನು ಬೀರು ತಂದು ಬಾಗಿಲಲ್ಲೇ ಎಸೆದು, ಬೀದಿಯೆಲ್ಲ ಕೇಳೋ ಹಾಗೆ ಕೂಗಾಡಿದ್ದ. ನಾನೂ ಬಿಟ್ಟಿರಲಿಲ್ಲ. ಆಮೇಲೆ ರಾತ್ರಿ ಹಗಲು ಕೂತು ಸರಿ ಮಾಡಿಕೊಟ್ಟೆ."

"ನೆನಪಿದೆ ರೀ."

"ಈಗ ಒಬ್ರಾದ್ರೂ ಬೈದ್ರೇನೇ? ಕೈ ಮುರ್ಕೊಂಡು ಹೋದ ಆ ಮುದುಕಿ ಸೈತ ನಗ್ತಾ ಹೋದ್ಲು. ನೀನೂ ಕೂಡ..." ಅವನ ದನಿ ಒಡೆಯಿತು. "ನೀನಾದ್ರೂ ಬೈಬೋದಿತ್ತು ಕಣೇ."

ಅವಳಿಗೆ ಅಳು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು. "ನಿಮ್ಮನ್ನ ನೋಯಿಸಬಾರದು ಅಂತ" ಎನ್ನಲು ಹೊರಟು, ಅದನ್ನು ಹೇಳಿದರೆ ಇನ್ನೂ ನೋಯುತ್ತದೆಂದು ನುಂಗಿಕೊಂಡಳು. ಮನೆಯವರೂ ಬಾಡಿಗೆಯವರೂ ಸೇರಿ ಅವನ ಮೇಲೆ ಕರುಣೆ ತೋರಿಸಿದ್ದರು. ಜೀವನವಿಡೀ ತಪ್ಪಿಗೆ ತಲೆಬಾಗಿ, ಸರಿ ಮಾಡಿ ಕೊಟ್ಟು ತಲೆಯೆತ್ತಿದವನಿಗೆ ಆ ಒಂದು ದಾರಿಯನ್ನೂ ಬಿಟ್ಟಿರಲಿಲ್ಲ.

"ಹೊಡಿಯಪ್ಪಾ ಮೇಸ್ತ್ರಿ," ಎಂದು ಅವನು ಒಳಗೆ ಕೂಗಿ ಹೇಳಿದ. "ಯಾಕೆ ನಿಲ್ಲಿಸಿದೆ? ನಿನ್ನ ದಿನ ಹಾಳಾಗುತ್ತೆ."

ಮೇಸ್ತ್ರಿ ಮೂರು ದಿನದಲ್ಲಿ ಕೆಲಸ ಮುಗಿಸಿದ. ಸುರಿದ ನೀರು ಸರ್ರನೆ ಜಾಲರಿ ಸೇರಿತು. ನೋಡಲು ಬನ್ನಿ ಎಂದು ಅವನು ಎರಡು ಸಲ ಕರೆದ. "ನೀನು ಮಾಡಿದ್ಮೇಲೆ ಸರಿಯಾಗೇ ಇರುತ್ತೆ ಬಿಡು" ಎಂದು ಬಡಗಿ ಕುರ್ಚಿ ಬಿಟ್ಟೇಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಮನೆ ನೋಡಲು ಒಬ್ಬ ಬಸ್ ಡ್ರೈವರ್ ಹೆಂಡತಿಯೊಡನೆ ಬಂದ. ಹಿಂದೆಲ್ಲ ಬಂದವರನ್ನು ಮೇಲೆ ಕರೆದುಕೊಂಡು ಹೋಗಲು ಬಡಗಿ ತಾನೇ ಮುಂದಾಗುತ್ತಿದ್ದ. ಮೆಟ್ಟಿಲಿಗೊಮ್ಮೆ ನಿಂತು ಸುಧಾರಿಸಿಕೊಂಡು, ಬಚ್ಚಲಿನ ಬಾಗಿಲಿಗೆ ಬರುವ ಹೊತ್ತಿಗೆ ಕಥೆ ಶುರುವಾಗುತ್ತಿತ್ತು. ಈ ಸಲ "ಇವಳು ತೋರಿಸ್ತಾಳೆ, ಹೋಗಿ" ಎಂದ.

ಡ್ರೈವರ್ ಗಟ್ಟಿಗ. ಪ್ರತಿ ನಲ್ಲಿ ತಿರುಗಿಸಿದ, ಸ್ವಿಚ್ಚು ಒತ್ತಿದ, ಹೇಳದೆಯೇ ಒಂದು ಬಕೆಟ್ ನೀರು ಹುಯ್ದ. ತೃಪ್ತಿಯಿಂದ ಕೆಳಗಿಳಿಯುತ್ತ ವರಾಂಡದ ಹತ್ತಿರ ಬಂದಾಗ ಕೇಳಿದ, "ಬಚ್ಚಲಿನ ಕೆಲಸ ಚೆನ್ನಾಗಿದೆ ಅಮ್ಮ. ಯಾರು ಮಾಡಿದ್ದು?"

ಹೆಂಡತಿ ಗಂಡನ ಮುಖ ನೋಡಿದಳು. ಒಂದು ಸುಳ್ಳು, ಅದೂ ಎಷ್ಟು ಸಣ್ಣದು. "ನಮ್ಮನೆಯವರೇ..." ಎಂದು ಶುರು ಮಾಡಿದಳು.

"ಮೇಸ್ತ್ರಿ," ಎಂದ ಬಡಗಿ. "ಗಾರೆ ಮೇಸ್ತ್ರಿ ಮಾಡಿದ್ದು. ಬೇಕಾದ್ರೆ ಅವನ ನಂಬರ್ ಕೊಡ್ತೀನಿ."

ಡ್ರೈವರ್ ಬರೆದುಕೊಳ್ಳಲು ಜೇಬಿನಲ್ಲಿ ಪೆನ್ನು ಹುಡುಕತೊಡಗಿದ. ಬಡಗಿ ಒಂದೊಂದೇ ಅಂಕಿಯನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದ. ಹೇಳಿ ಮುಗಿದ ಮೇಲೆ ಬಲಗೈಯಿಂದ ಎಡಗೈಯನ್ನು ಎತ್ತಿ, ಮೆಲ್ಲಗೆ ಮಡಿಲಲ್ಲಿಟ್ಟುಕೊಂಡ.