ತಿಪ್ಪವ್ವನ ತಪಾಸಣೆ

"ಊಟ ಸರಿಯಾಗಿ ಮಾಡ್ತಾಳಾ?" ಎಂದು ಕೇಳುತ್ತಲೇ ಡಾಕ್ಟರಮ್ಮ ಚರ್ಮ ಪರೀಕ್ಷಿಸಲು ಹುಡುಗಿಯ ಕೆನ್ನೆಯನ್ನು ಹತ್ತಿಯಿಂದ ಒರೆಸಿದರು. ಮುಂಜಾನೆ ಇಟ್ಟಿದ್ದ ಕಾಡಿಗೆಯ ದೃಷ್ಟಿಬೊಟ್ಟು ಹತ್ತಿಗೆ ಅಂಟಿ ಹೋಯಿತು.

ಹುಡುಗಿಯನ್ನು ಕರೆತಂದಿದ್ದ ಮಾಲವ್ವ ಆ ಬರಿಗೆನ್ನೆಯನ್ನೇ ನೋಡಿದಳು. ನಡುವೆ ಹೋಗಿ ಅಡ್ಡ ನಿಲ್ಲುವಂತಿರಲಿಲ್ಲ. ದೃಷ್ಟಿಗೆ ಮಾತನ್ನೇ ಅಡ್ಡ ಹಿಡಿದಳು. "ಎಲ್ಲೀ ಊಟಾರಿ, ಬಾಯಾರ. ಗುಬ್ಬಿ ತಿಂದಂಗ ತಿಂತಾಳ. ಅರ್ಧಾ ರೊಟ್ಟಿ ಇಳ್ಯಾಂಗಿಲ್ಲ."

ಹುಡುಗಿ ಬೆರಗಾಗಿ ಅವಳ ಮುಖ ನೋಡಿದಳು. "ಅವ್ವಾ, ಮುಂಜಾನೆ ನಾ ಮೂರು..."

ಮಾಲವ್ವ ಅವಳ ತೋಳನ್ನು ಮೆಲ್ಲಗೆ ಚಿವುಟಿದಳು. ಡಾಕ್ಟರಮ್ಮ ಅದನ್ನು ನೋಡಿದರು.

ಹಳಿಯಾಳದ ಮಕ್ಕಳ ಮಂದಿರದಿಂದ ಮಾಲವ್ವ ಈ ಹುಡುಗಿಯನ್ನು ಸಾಕಲೆಂದು ದಾಂಡೇಲಿಗೆ ಕರೆದೊಯ್ದು ಒಂದು ವರ್ಷವಾಗಿತ್ತು. ಗಂಡ ಪರಸಪ್ಪ ಅಲ್ಲಿನ ಕಾಗದದ ಮಿಲ್ಲಿನಲ್ಲಿ ಬಿದಿರು ಇಳಿಸುತ್ತಿದ್ದ. ಸಾಕಲು ಕೊಟ್ಟ ಮಕ್ಕಳನ್ನು ವರ್ಷ ತುಂಬಿದಾಗ ಮಂದಿರಕ್ಕೆ ಕರೆತಂದು ಡಾಕ್ಟರಿಗೆ ತೋರಿಸಬೇಕು. ಮಗು ಚೆನ್ನಾಗಿದೆ ಎಂದು ಅವರು ಬರೆದರೆ ಮಾತ್ರ ಮುಂದೆಯೂ ಆ ಮನೆ. ಇಲ್ಲವಾದರೆ ಮತ್ತೆ ಮಂದಿರ.

"ಹೆಸರು ಲಲಿತಾ, ಅಲ್ವಾ?"

"ಇಲ್ಲೆ ಹಂಗಂತಿದ್ರು. ನಾವು ತಿಪ್ಪವ್ವ ಅಂತ ಕರೀತೇವ್ರಿ."

ಆ ಹೆಸರಿಗೆ ಡಾಕ್ಟರಮ್ಮನ ಪೆನ್ನು ನಿಂತಿತು. ಅವರು ಮೈಸೂರಿನ ಕಡೆಯವರು, ಇನ್ನೂ ಚಿಕ್ಕ ವಯಸ್ಸು. "ಜ್ವರ, ಕೆಮ್ಮು?"

"ರಾತ್ರೆಲ್ಲಾ ಕೆಮ್ಮತಾಳ್ರಿ. ಕಡ್ಡಿ ಆಗ್ಯಾಳ ನೋಡ್ರಿ."

ಆ ಕಡ್ಡಿ ತೂಕದ ಯಂತ್ರ ಹತ್ತಿದಾಗ ಮುಳ್ಳು ಜಿಗಿದು ಬಹಳ ಮುಂದೆ ಹೋಗಿ ನಿಂತಿತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ತೂಕವೇನೋ ಇದೆ. ಆದರೆ ಊಟ ಸೇರೋದಿಲ್ಲ, ರಾತ್ರಿಯೆಲ್ಲ ಕೆಮ್ಮು ಅಂದ್ರೆ ಒಳಗೆ ಏನಿದೆಯೋ. ಗಿರಿಜಾಬಾಯಿ, ಮಗು ಇಲ್ಲೇ ಇರಲಿ. ಇವರಿಗೂ ಅವಳ ಮೇಲೆ ಅಂಥಾ ಅಕ್ಕರೆ ಇದ್ದಂತೆ ಕಾಣೋದಿಲ್ಲ."

ಮಂದಿರವನ್ನು ನೋಡಿಕೊಳ್ಳುವ ಗಿರಿಜಾಬಾಯಿ ಮಾಲವ್ವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು: "ಖರೇ ಹೇಳ, ಮಾಲವ್ವಾ. ಹಿಂಗ ಅಂದ್ರ ಹುಡುಗಿ ಇಲ್ಲೇ ಉಳೀತಾಳ."

ಖರೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಮೊದಲ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ, ಹುಲಿಯಂಥಾ ಮಗ ಎಂದು ಬಂದವರಿಗೆಲ್ಲ ಎತ್ತಿ ತೋರಿಸಿದ್ದಳು. ಹಲ್ಲು ಮೂಡುವ ಮೊದಲೇ ಹೋದ. ದೃಷ್ಟಿ ತಾಗಿತು ಎಂದರು. ಆಮೇಲೆ ಹುಟ್ಟಿದ ಮಗಳನ್ನು ಹೊಸ್ತಿಲಾಚೆ ತರಲಿಲ್ಲ. ಚೆಂದ ಇದ್ದಾಳೆ ಎಂದು ಮನಸ್ಸಿನಲ್ಲೂ ಅಂದುಕೊಳ್ಳಲಿಲ್ಲ. ಅವಳೂ ಉಳಿಯಲಿಲ್ಲ. ಹೊಗಳಿ ಒಂದನ್ನು, ಬಚ್ಚಿಟ್ಟು ಒಂದನ್ನು ಕಳೆದುಕೊಂಡವಳು. ಈಗ ಇವಳು ತನ್ನ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾಳೆ.

"ಸುಳ್ಳ ಹೇಳ್ದೆರಿ," ಎಂದಳು ಮಾಲವ್ವ. "ಮೂರು ರೊಟ್ಟಿ ತಿಂತಾಳ. ಮ್ಯಾಲೆ ಮಸರು. ಆಮ್ಯಾಲೆ ನನ್ನ ತಾಟಿನಾಗಿಂದೂ ಕಸಗೊಂಡು ತಿಂತಾಳ. ಪ್ಯಾರಲ ಹಣ್ಣಿನ ಗಿಡದ ತುದಿಗೆ ಹತ್ತಿ ಕುಂದರತಾಳ. ಬಾಜೂಮನಿ ಗೂಳಪ್ಪನ್ನ ಕೆಡವಿ ಎದಿ ಮ್ಯಾಲೆ ಕುಂತಿದ್ಲು, ಅವರವ್ವ ಜಗಳಕ್ಕ ಬಂದಿದ್ಲು. ರಾತ್ರಿ ಅದು ಕೆಮ್ಮಲ್ರಿ, ಗೊರಕಿ. ನಮ್ಮ ಮನಿಯವ್ರಿಗಿಂತ ಜೋರು."

"ನಾ ಗೊರಕಿ ಹೊಡಿಯಂಗಿಲ್ಲ."

"ಹೊಡೀತಿ, ಸುಮ್ಮನಿರು. ಕೂದ್ಲ ನೋಡ್ರಿ ಬಾಯಾರ, ಮುಷ್ಟ್ಯಾಗ ಹಿಡಿಸಂಗಿಲ್ಲ. ಚೊಲೊ ಅದಾಳ್ರಿ. ಭಾಳ ಚೊಲೊ ಅದಾಳ ನನ್ನ ಮಗಳು."

ಹೇಳಿ ಮುಗಿಸಿದಾಗ ಎದೆಯೊಳಗೆ ವರ್ಷಗಟ್ಟಲೆ ಮುಚ್ಚಿಟ್ಟ ಕಿಟಕಿಯನ್ನು ಯಾರೋ ತೆರೆದ ಹಾಗಿತ್ತು.

"ನಮ್ಮ ಕಡೆ ಮಕ್ಕಳನ್ನ ಚೊಲೊ ಅದಾವು ಅನ್ನಂಗಿಲ್ರಿ. ದೃಷ್ಟಿ ಆಗಬಾರದಂತ ಹೆಸರೂ ತಿಪ್ಪಿದ ಇಡ್ತೇವಿ," ಎಂದರು ಗಿರಿಜಾಬಾಯಿ.

ಡಾಕ್ಟರಮ್ಮ ತಟ್ಟೆಯಲ್ಲಿದ್ದ ಕಪ್ಪಾದ ಹತ್ತಿಯನ್ನು ನೋಡಿದರು. ಒಮ್ಮೆಲೇ ನಕ್ಕರು. "ನಮ್ಮಜ್ಜಿ ನನ್ನನ್ನ ಕೋತಿ ಅಂತಲೇ ಕರೀತಿದ್ದರು. ಡಾಕ್ಟರಾದ ಮೇಲೂ. ನಂಗೆ ಮರೆತೇ ಹೋಗಿತ್ತು." ಹುಡುಗಿಯ ಎದೆ, ಬೆನ್ನಿಗೆ ಕೊಳವೆಯಿಟ್ಟು ನಿಧಾನವಾಗಿ ಕೇಳಿದರು. "ಏನೂ ಇಲ್ಲ. ಕರಕೊಂಡು ಹೋಗಮ್ಮ ನಿನ್ನ ತಿಪ್ಪವ್ವನ್ನ."

ದಾಂಡೇಲಿ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತ ಹುಡುಗಿ ಕಾಲು ಕುಣಿಸುತ್ತ ಕೇಳಿದಳು: "ಅವ್ವಾ, ಆಗ ಬಾಯಾರ ಮುಂದ ಏನಂದಿ? ಇನ್ನೊಮ್ಮೆ ಅನ್ನು."

"ಏನೂ ಅಂದಿಲ್ಲ. ಸುಮ್ಮನ ಕುಂದರ, ತಿಪ್ಪಿ."

ಹುಡುಗಿ ಕಿಸಕ್ಕನೆ ನಕ್ಕಳು. ಎದುರಿನ ಸೀಟಿನ ಮುದುಕಿ ಅವಳ ಗಲ್ಲ ಸವರಿ, "ಎಷ್ಟ ಗುಂಡಗ ಅದಾಳವಾ! ಯಾರ ಮಗಳಬೇ?" ಎಂದಳು.

ಎಲ್ಲೀ ಗುಂಡಗ, ಬರೇ ಬ್ಯಾನಿ, ಜಡ್ಡು ಎನ್ನಲು ನಾಲಿಗೆ ಎದ್ದಿತ್ತು. "ನನ್ನಾಕಿ," ಎಂದಳು ಮಾಲವ್ವ, ಉಳಿದದ್ದನ್ನು ನುಂಗಿಕೊಂಡು.

ಆದರೂ ಬೆರಳು ತನ್ನ ಕಣ್ಣಿನ ಕಾಡಿಗೆಯನ್ನು ಸವರಿಕೊಂಡು ಹುಡುಗಿಯ ಕೆನ್ನೆಯತ್ತ ಹೊರಟಿತು. ಅರ್ಧದಲ್ಲಿ ನಿಂತಿತು. ಅವಳು ಹುಡುಗಿಯ ಒಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಯಾರಿಗೂ ಕಾಣದ ಹಾಗೆ ಅಂಗಾಲಿಗೆ ಒಂದು ಬೊಟ್ಟು ಇಟ್ಟಳು. ಕಚಗುಳಿಯಾಗಿ ಹುಡುಗಿ ಬಸ್ಸೆಲ್ಲ ಕೇಳುವಂತೆ ನಕ್ಕಳು. ಕಿಟಕಿಯ ಬಿಸಿಲು ಅವಳ ಬರಿಗೆನ್ನೆಯ ಮೇಲೆ ಬಿದ್ದಿತ್ತು. ಮಾಲವ್ವ ಸೆರಗಿನಿಂದ ಅದನ್ನು ಮರೆಮಾಡಲಿಲ್ಲ.